‘ಆದರೆ’ ತಿಳಿಯದ ಸಂಪಾದಕರಿಗೆ ಒಂದು ಬಹಿರಂಗ ಪತ್ರ

ಇವರಿಗೆ:
ಶ್ರೀ ‘ಪ್ರಕಟಣೆ’ ಫೋಲ್ಡರ್ ಅವರು,
ಕ್ಲೌಡ್.

ಮಾನ್ಯರೇ,

ಈ ಕಾಗದವನ್ನು ನಿಮಗೊಬ್ಬರಿಗೇ ತಲುಪುವಂತೆ, ಲಕೋಟೆಗೆ ಅಂಟು ಹಚ್ಚಿ ಕಳಿಸಬೇಕೆಂದಿದ್ದೆ. 35 ವರ್ಷ ಅಂಚೆ ಇಲಾಖೆಯ ಅನ್ನ ತಿಂದವನಿಗೆ ಕಾಗದಗಳನ್ನು ಊರ ಮುಂದೆ ಬಿಚ್ಚಿಡುವ ಅಭ್ಯಾಸವಿಲ್ಲ. ಏನು ಮಾಡುವುದು, ನಿಮ್ಮ ಹೊಟ್ಟೆಗೆ ಬಿದ್ದದ್ದು 15 ನಿಮಿಷದಲ್ಲಿ ಬಹಿರಂಗವಾಗುತ್ತದೆ ಎಂಬುದು ಈಗ ನನಗೂ ಗೊತ್ತು, ನನ್ನ ಹೆಂಡತಿಗೂ ಗೊತ್ತು, ಅವಳ ತವರಿನ ಕಡೆಯವರೆಲ್ಲರಿಗೂ ಗೊತ್ತು. ನಿಮಗೆ ಗುಟ್ಟಾಗಿ ಬರೆಯುವುದು ತಮಟೆಯವನ ಕಿವಿಯಲ್ಲಿ ಪಿಸುಗುಟ್ಟಿದ ಹಾಗೆ. ಅದಕ್ಕೇ ಮೊದಲೇ ‘ಬಹಿರಂಗ ಪತ್ರ’ ಎಂದು ತಲೆಬರಹ ಕೊಟ್ಟುಬಿಟ್ಟಿದ್ದೇನೆ. ಮರ್ಯಾದೆ ಹೋಗುವುದಿದ್ದರೆ ನಾವೇ ಕರೆದುಕೊಂಡು ಹೋಗಿ ಬಿಟ್ಟು ಬರುವುದು ಮೇಲು.

ನನ್ನ ಪರಿಚಯ ನಿಮಗಿಲ್ಲ. ನಿಮಗೆ ಯಾರ ಪರಿಚಯವೂ ಇಲ್ಲ, ಅದೇ ನಿಮ್ಮ ದೊಡ್ಡತನ. ನಾನು ಸಾಗರ ತಾಲ್ಲೂಕಿನ ಒಬ್ಬ ನಿವೃತ್ತ ಸಬ್ ಪೋಸ್ಟ್‌ಮಾಸ್ಟರ್. ನಿವೃತ್ತಿಯಾದ ಮೇಲೆ ಅಡಿಕೆ ತೋಟದ ಕೆಲಸಕ್ಕೆ ಬೆನ್ನು ಬಗ್ಗಲಿಲ್ಲ, ಬರೆಯುವುದಕ್ಕೆ ಬಗ್ಗಿತು. ಲಿಂಗನಮಕ್ಕಿ ಅಣೆಕಟ್ಟೆ ಕಟ್ಟಿ ಊರುಗಳು ಮುಳುಗಿದ ಮೇಲೂ ಆ ಊರುಗಳ ಹೆಸರಿಗೆ ಬರುತ್ತಿದ್ದ ಕಾಗದಗಳ ಬಗ್ಗೆ, ಹೊಳೆ ದಾಟಿ ಟಪಾಲು ಕೊಡುತ್ತಿದ್ದವರ ಬಗ್ಗೆ, ಹಿರಿಯರ ಬಾಯಿಂದ ಕೇಳಿದ್ದು, ನಾನೇ ಕಂಡದ್ದು, ಎಲ್ಲ ಬರೆದೆ. ಪತ್ರಿಕೆಗಳಿಗೆ ಕಳಿಸಿದೆ. ಕೆಲವು ಬೆಳಕು ಕಂಡವು, ಹಲವು ಹಿಂದಿರುಗಿದವು, ಇನ್ನು ಕೆಲವಕ್ಕೆ ಉತ್ತರವೇ ಬರಲಿಲ್ಲ. ನಾನು ನನ್ನ ಇಲಾಖೆಯನ್ನೇ ಅನುಮಾನಿಸುವ ಹಂತಕ್ಕೆ ಬಂದಿದ್ದೆ.

ಆಗ ಬಂದ, ಬೆಂಗಳೂರಿನಿಂದ ದೀಪಾವಳಿಗೆ, ನನ್ನ ಸೋದರಳಿಯ.

“ಮಾವ, ಇನ್ನು ಯಾರ ಬಾಗಿಲೂ ಕಾಯೋದು ಬೇಡ. ನಿಮ್ಮದೇ ಬ್ಲಾಗ್ ಮಾಡಿಕೊಡ್ತೀನಿ.”

“ಕೋಡಿಂಗು ಗೀಡಿಂಗು ನನ್ನಿಂದ ಆಗೋದಲ್ಲಪ್ಪ.”

“ಕೋಡಿಂಗೇ ಇಲ್ಲ ಮಾವ. ಬರೆದದ್ದನ್ನ ಈ ಫೋಲ್ಡರಿಗೆ ಹಾಕಿ, ಕೈ ತೊಳೀರಿ. ಉಳಿದದ್ದು ತಾನೇ ಆಗುತ್ತೆ.”

ಅವನು ಲ್ಯಾಪ್‌ಟಾಪಿನಲ್ಲಿ ಎರಡು ಚೌಕ ತೋರಿಸಿದ, ನಡುವೆ ಒಂದು ಬಾಣ. ಈಚೆ ಚೌಕದಲ್ಲಿ ನೀವು, ಕ್ಲೌಡಿನಲ್ಲಿರುವ ಫೋಲ್ಡರ್. ಆಚೆ ಚೌಕದಲ್ಲಿ ಬ್ಲಾಗು. ಇಬ್ಬರ ನಡುವೆ ಓಡಾಡುವುದಕ್ಕೆ ಒಂದು ಮಧ್ಯವರ್ತಿ ಸೇವೆ, ಬಿಟ್ಟಿಯದು. ‘ಈ ಫೋಲ್ಡರಿಗೆ ಹೊಸ ಕಡತ ಬಂದರೆ’ ಎಂಬಲ್ಲಿ ಒಂದು ಒತ್ತು, ‘ಆ ಬ್ಲಾಗಿನಲ್ಲಿ ಹೊಸ ಬರಹ ಮಾಡು’ ಎಂಬಲ್ಲಿ ಇನ್ನೊಂದು ಒತ್ತು. ಕಡತದ ಹೆಸರು ಬರಹದ ಶೀರ್ಷಿಕೆಯಾಗಬೇಕು, ಒಳಗಿನದು ಒಳಗೆ ಹೋಗಬೇಕು. ಕೊನೆಯಲ್ಲಿ ಇನ್ನೊಂದು ಸಣ್ಣ ಪಟ್ಟಿ ಇಳಿಬಿದ್ದಿತು, ಅದರಲ್ಲಿ ಏನನ್ನೋ ಆರಿಸಿದ. ಏನೆಂದು ನಾನು ಕೇಳಲಿಲ್ಲ. ತಟ್ಟೆಯ ಹೋಳಿಗೆ ಆರುವುದರೊಳಗೆ ನಾನು ಸ್ವತಂತ್ರ ಲೇಖಕನಾಗಿದ್ದೆ, ನೀವು ನನ್ನ ಸಂಪಾದಕರಾಗಿದ್ದಿರಿ.

ನಿಮ್ಮಂಥ ಸಂಪಾದಕರನ್ನು ನಾನು ಕಂಡಿಲ್ಲ ಎಂದು ಮೊದಲಿಗೇ ಒಪ್ಪಿಕೊಳ್ಳುತ್ತೇನೆ. ಸಾಕಷ್ಟು ಅಂಚೆಚೀಟಿ ಹಚ್ಚಿದ, ಸ್ವವಿಳಾಸ ಬರೆದ ಲಕೋಟೆ ಕೇಳುವುದಿಲ್ಲ. ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ ಎನ್ನುವುದಿಲ್ಲ. ಸ್ಥಳಾಭಾವವೆಂಬ ಶಬ್ದವೇ ನಿಮ್ಮ ಕೋಶದಲ್ಲಿಲ್ಲ. ಯುಗಾದಿಗೆ ಬರೆದದ್ದನ್ನು ಗಣೇಶನ ಹಬ್ಬ ಕಳೆದ ಮೇಲೆ ಹಾಕುವುದಿಲ್ಲ. ನನ್ನ ಮೊದಲ ಬರಹ ನಿಮ್ಮ ಒಡಲು ಸೇರಿದ 15 ನಿಮಿಷಕ್ಕೆ ಜಗತ್ತಿನಲ್ಲಿತ್ತು. ಒಂದು ಪೂರ್ಣವಿರಾಮ ಕೂಡ ಮುಟ್ಟಿರಲಿಲ್ಲ ನೀವು. ಕಾಗುಣಿತದ ತಪ್ಪುಗಳೂ ಹಾಕಿದ ಹಾಗೇ ಇದ್ದವು. ಅಂಥ ನಿಷ್ಠೆ ಯಾವ ಕರಡು ತಿದ್ದುವವನಲ್ಲಿ ಸಿಕ್ಕೀತು?

ಆ 15 ನಿಮಿಷ ಯಾಕೆ ಎಂದು ಸೋದರಳಿಯನನ್ನು ಕೇಳಿದೆ. ನೀವು ಬಾಗಿಲಲ್ಲಿ ನಿಂತು ಕಾಯುತ್ತಿರುತ್ತೀರಿ ಎಂದುಕೊಂಡಿದ್ದೆ. ಇಲ್ಲವಂತೆ. ಆ ಮಧ್ಯವರ್ತಿಯೇ 15 ನಿಮಿಷಕ್ಕೊಮ್ಮೆ ಬಂದು, ನಿಮ್ಮ ಮುಚ್ಚಳ ಎತ್ತಿ, ಹೊಸದೇನಾದರೂ ಇದ್ದರೆ ಒಯ್ಯುತ್ತಾನಂತೆ. ದುಡ್ಡು ಕೊಡುವವರ ಮನೆಗೆ ಇನ್ನೂ ಬೇಗ ಬೇಗ ಬರುತ್ತಾನೆ. ಇದಕ್ಕೆ ಕಂಪ್ಯೂಟರಿನವರು ‘ಪೋಲಿಂಗ್’ ಎನ್ನುತ್ತಾರೆ, ಚುನಾವಣೆಯ ಮಾತಲ್ಲ. ಇನ್ನೊಂದು ಬಗೆಯೂ ಉಂಟು, ‘ವೆಬ್‌ಹುಕ್’: ಏನಾದರೂ ಬಿದ್ದ ಕ್ಷಣವೇ ಬಿದ್ದ ಜಾಗದಿಂದಲೇ ಕೂಗು ಹೋಗುತ್ತದೆ. ನನಗೆ ನಗು ಬಂತು. ನಮ್ಮ ಕೆಂಪು ಡಬ್ಬದ ಎದೆಯ ಮೇಲೆ ‘ಮುಂದಿನ ತೆರವು’ ಎಂದು ಹೊತ್ತು ತೋರಿಸುವ ತಗಡು ಇರುತ್ತಿತ್ತಲ್ಲ, ಅದು ಪೋಲಿಂಗು. ತಂತಿ ಬಂದರೆ ಮಳೆಯಿರಲಿ ರಾತ್ರಿಯಿರಲಿ ಓಡುತ್ತಿದ್ದೆವಲ್ಲ, ಅದು ವೆಬ್‌ಹುಕ್ಕು. ತಂತಿ ಸೇವೆ ನಿಂತದ್ದು 2013ರ ಜುಲೈ 15ಕ್ಕೆ. ಬ್ಲಾಗು ಓದುವವರ ದೊಡ್ಡ ಓದುಮನೆಯಾಗಿದ್ದ ಗೂಗಲ್ ರೀಡರ್ ಮುಚ್ಚಿದ್ದೂ ಅದೇ ಜುಲೈ, 1ನೇ ತಾರೀಖು. ಎರಡು ವಾರದ ಅಂತರದಲ್ಲಿ ಎರಡು ಸಾವು. ನಾನು ಒಂದಕ್ಕಷ್ಟೇ ಸೂತಕ ಹಿಡಿದಿದ್ದೆ, ಇನ್ನೊಂದರ ಸುದ್ದಿ ಆಗ ತಿಳಿದಿರಲಿಲ್ಲ.

ನಿಮಗೂ ನಮ್ಮ ಡಬ್ಬಕ್ಕೂ ಒಂದು ವ್ಯತ್ಯಾಸವಿದೆ ಎಂದು ನನಗೆ ಹೊಳೆಯುವ ಹೊತ್ತಿಗೆ ತಡವಾಗಿತ್ತು. ಡಬ್ಬಕ್ಕೆ ಬೀಳುವ ಕಾಗದ ಬರೆದು ಮುಗಿದದ್ದು: ಮಡಿಸಿ, ಅಂಟಿಸಿ, ವಿಳಾಸ ಬರೆದು, ಚೀಟಿ ಹಚ್ಚಿದ್ದು. ಡಬ್ಬದೊಳಗೇ ಕೂತು ಕಾಗದ ಬರೆಯುವ ಹುಚ್ಚ ಯಾರೂ ಇಲ್ಲ. ನಾನು ಆ ಹುಚ್ಚನಾದೆ. ಒಂದು ಬೆಳಿಗ್ಗೆ ನಿಮ್ಮೊಳಗೇ ಹೊಸ ಹಾಳೆ ತೆರೆದು, “ಅಂದು ಮಳೆ. ಬ್ಯಾಗು ಒದ್ದೆ. ನಾನು” ಎಂದು ಬರೆಯುವಷ್ಟರಲ್ಲಿ ಒಳಗಿನಿಂದ ಕಾಫಿಗೆ ಕರೆ ಬಂತು. ಕಾಫಿ ಮುಗಿಸಿ ಬರುವಾಗ ಕರೆಂಟು ಹೋಗಿತ್ತು. ಮಧ್ಯವರ್ತಿ ಮಾತ್ರ ಹೊತ್ತಿಗೆ ಸರಿಯಾಗಿ ಬಂದು ಹೋಗಿದ್ದ. ಶೀರ್ಷಿಕೆ: ‘ಶೀರ್ಷಿಕೆರಹಿತ ಡಾಕ್ಯುಮೆಂಟ್’. ಬರಹ: ಐದು ಪದ.

ಸಂಜೆ ಶಿವಮೊಗ್ಗದಿಂದ ಹಳೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿದರು. “ಎರಡು ಸಲ ಓದಿದೆ ಮಾರಾಯ್ರೆ. ಕೊನೆಗೆ ಬರೀ ‘ನಾನು’ ಅಂತ ನಿಲ್ಲಿಸಿದ್ರಲ್ಲ! ನೀವು ಕವಿತೆ ಬರೀತೀರಿ ಅಂತ ಗೊತ್ತೇ ಇರಲಿಲ್ಲ.” ನಾನು ತಿದ್ದಲಿಲ್ಲ. ಆಮೇಲೆ ಅದೇ ಹಾಳೆಯಲ್ಲಿ ಪೂರ್ತಿ ಲೇಖನ ಬರೆದು ಮುಗಿಸಿದೆ. ನೀವು ಅದನ್ನು ಕಣ್ಣೆತ್ತಿ ನೋಡಲಿಲ್ಲ, ಯಾಕೆಂದರೆ ಕಡತ ‘ಹೊಸದು’ ಆಗುವುದು ಜನ್ಮದಲ್ಲಿ ಒಂದೇ ಸಲ. ಬೆಳೆದದ್ದು, ತಿದ್ದಿದ್ದು, ಬುದ್ಧಿ ಬಂದದ್ದು, ಇದ್ಯಾವುದೂ ನಿಮ್ಮ ಲೆಕ್ಕಕ್ಕಿಲ್ಲ. ಆ ಲೇಖನ ಇವತ್ತಿಗೂ ಅಚ್ಚಾಗದೆ ನಿಮ್ಮೊಳಗೆ ಬಿದ್ದಿದೆ. ಕವಿತೆ ಮಾತ್ರ ಇಬ್ಬರಿಗೆ ಬಾಯಿಪಾಠವಾಗಿದೆ.

ಇಷ್ಟಾದ ಮೇಲೆ ನಿಮ್ಮ ಮನೆತನ ಎಂಥದು ಎಂದು ವಿಚಾರಿಸುವ ಮನಸ್ಸಾಯಿತು. ಹೆಣ್ಣು ಕೊಡುವ ಮೊದಲು ಕೇಳಬೇಕಾದದ್ದನ್ನು ನಾನು ಮದುವೆಯಾದ ಮೇಲೆ ಕೇಳಿದೆ. ನಿಮ್ಮ ಹಿರಿಯರಲ್ಲಿ ಕೆಲವರಿಗೆ ಮಧ್ಯವರ್ತಿಯೇ ಬೇಕಿರಲಿಲ್ಲವಂತೆ. ಡ್ರಾಪ್‌ಬಾಕ್ಸ್‌ನಲ್ಲಿ ‘ಪಬ್ಲಿಕ್’ ಎಂಬ ಫೋಲ್ಡರ್ ಇತ್ತು; ಅದರಲ್ಲಿಟ್ಟ ಪುಟ ನೆಟ್ಟಗೆ ಜಾಲದಲ್ಲಿ ತೆರೆದುಕೊಳ್ಳುತ್ತಿತ್ತು. 2017ಕ್ಕೆ ಅದು ಮುಗಿಯಿತು. 2012ರಲ್ಲಿ ಹುಟ್ಟಿದ ಗೂಗಲ್ ಡ್ರೈವ್‌ನಲ್ಲೂ ಫೋಲ್ಡರನ್ನೇ ಜಾಲತಾಣವಾಗಿ ತೋರಿಸುವ ಅನುಕೂಲವಿತ್ತು. 2016ರ ಆಗಸ್ಟ್ 31ಕ್ಕೆ ಅದರ ಕಥೆಯೂ ಆಯಿತು. ಚೌಕ ಮತ್ತು ಕೊಳವೆಗಳ ಚಿತ್ರ ಬಿಡಿಸಿ ಜಾಲದ ಸರಕನ್ನು ಅಲ್ಲಿಂದಿಲ್ಲಿಗೆ ಹರಿಸುವ ಆಟವನ್ನು ಯಾಹೂ ಪೈಪ್ಸ್ 2007ರಲ್ಲಿ ಶುರು ಮಾಡಿ 2015ರಲ್ಲಿ ನಲ್ಲಿ ತಿರುಗಿಸಿತು. ಮೈಸೂರು ಸಂಸ್ಥಾನದ ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಕರಗುವ ಮೊದಲು ತಲೆಮಾರುಗಟ್ಟಲೆ ಓಡಿತ್ತು. ನಿಮ್ಮ ಕಡೆ ಎಂಟೊಂಬತ್ತು ವರ್ಷ ಬಾಳಿದವರನ್ನು ದೀರ್ಘಾಯುಷಿ ಎನ್ನುತ್ತಾರೆ.

ಈಗ ಬಾಣ ಎಳೆಯುವ ಮಧ್ಯವರ್ತಿಗಳಲ್ಲಿ ಹೆಸರಾದವರು ಕೆಲವರು. ಅಮೆರಿಕದ ಮಿಸೌರಿಯ ಕೊಲಂಬಿಯಾ ಎಂಬ ಊರಿನಲ್ಲಿ 2011ರಲ್ಲಿ ಹುಟ್ಟಿದ ಝೇಪಿಯರ್ ಒಬ್ಬರು. ಪ್ರಾಗ್‌ನಲ್ಲಿ ಇಂಟಿಗ್ರೋಮ್ಯಾಟ್ ಎಂದು ಹುಟ್ಟಿ 2022ರಲ್ಲಿ ‘ಮೇಕ್’ ಎಂದು ಹೆಸರು ಬದಲಿಸಿಕೊಂಡವರು ಇನ್ನೊಬ್ಬರು. ನನ್ನ ಗಮನ ನಿಂತದ್ದು ಮೂರನೆಯವರ ಹೆಸರಿನಲ್ಲಿ: ಐಎಫ್‌ಟಿಟಿಟಿ. ಬಿಡಿಸಿ ಹೇಳು ಎಂದೆ. ಸೋದರಳಿಯ ಹೇಳಿದ್ದನ್ನು ಕನ್ನಡಕ್ಕೆ ತಂದರೆ ‘ಇದಾದರೆ ಅದು’. ಯಂತ್ರಗಳ ಇಡೀ ವ್ಯಾಕರಣ ಎರಡೇ ಮಾತಿನಲ್ಲಿ. ಆ ‘ಆದರೆ’ ನನ್ನ ತಲೆಯಲ್ಲಿ ಹುಳದ ಹಾಗೆ ಹೊಕ್ಕಿತು. ಅದರ ಮಾತಿಗೆ ಆಮೇಲೆ ಬರುತ್ತೇನೆ, ಮೊದಲು ಮಲೆನಾಡಿನ ಮಾನದ ಪ್ರಶ್ನೆ ಇತ್ಯರ್ಥವಾಗಲಿ.

‘ಅಂಚೆಯಣ್ಣನ ಸೈಕಲ್ ಮತ್ತು ಮಲೆನಾಡಿನ ಮಳೆಗಾಲ’ ಎಂದು ಒಂದು ಪ್ರಬಂಧ ಬರೆದೆ. ನನ್ನ ಬರಹಗಳಲ್ಲಿ ನಾಲ್ಕು ಜನರ ಮುಂದೆ ಇಡಬಹುದಾದದ್ದು ಅದೊಂದೇ. ನೀವು ಅದನ್ನು ಒಯ್ದುಕೊಟ್ಟಿರಿ. ಬ್ಲಾಗಿನ ತಂತ್ರಾಂಶ ಶೀರ್ಷಿಕೆಯಿಂದಲೇ ಪುಟದ ವಿಳಾಸ ಮಾಡಿಕೊಂಡಿತು. ವಿಳಾಸಕ್ಕೆ ಅದರಲ್ಲಿ 200 ಅಕ್ಷರಗಳ ಮಿತಿ. ಧಾರಾಳವಾಯಿತಲ್ಲ ಎನ್ನಬೇಡಿ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದೇ ಜಾಗ. ಕನ್ನಡದ ಪ್ರತಿ ಅಕ್ಷರ, ಪ್ರತಿ ಕೊಂಬು, ಪ್ರತಿ ಏತ್ವ, ಒತ್ತು ತರಿಸುವ ಹಲಂತ, ಒಂದೊಂದೂ ಮೂರು ಬೈಟು. ವಿಳಾಸದಲ್ಲಿ ಪ್ರತಿ ಬೈಟನ್ನೂ ಮೂರು ಚಿಹ್ನೆಗಳಾಗಿ ಬರೆಯುತ್ತಾರೆ. ಎಂದರೆ ಒಂದಕ್ಕೆ ಒಂಬತ್ತು. ‘ಕ್ಷ’ ಎಂದು ಒಮ್ಮೆ ಬರೆದರೆ 27 ಖರ್ಚು. 22 ಚಿಹ್ನೆ ದಾಟಿದರೆ ಕನ್ನಡದ ಶೀರ್ಷಿಕೆ ಕತ್ತರಿಗೆ ಸಿಕ್ಕಿತು. ಕಮ್ಮಿ ಚೀಟಿ ಹಚ್ಚಿದ ಕಾಗದವನ್ನು ನಾವು ಬೇರಿಂಗ್ ಮಾಡಿ, ಪಡೆಯುವವರಿಂದ ದಂಡ ವಸೂಲಿ ಮಾಡಿಯಾದರೂ ಇಡಿಯಾಗಿ ಕೊಡುತ್ತಿದ್ದೆವು. ತೂಕ ಹೆಚ್ಚಾಯಿತೆಂದು ಕಾಗದವನ್ನು ಹರಿದು ಅರ್ಧ ಕೊಟ್ಟದ್ದಿಲ್ಲ.

ನನ್ನ ಶೀರ್ಷಿಕೆಯಲ್ಲಿ ‘ಮತ್ತು’ ಹಾಗೂ ಅದರ ಮುಂದಿನ ಅಡ್ಡಗೆರೆ ಮುಗಿಯುವಷ್ಟರಲ್ಲಿ 174 ಜಾಗ ತುಂಬಿತ್ತು. ಉಳಿದ 26ರಲ್ಲಿ ಎರಡೇ ಅಕ್ಷರಕ್ಕೆ ಎಡೆ. ‘ಮಲೆನಾಡಿನ’ ಎಂಬುದರ ಮೊದಲ ಎರಡು ಅಕ್ಷರ ಕೂತವು, ‘ಲ’ದ ಏತ್ವ ಹೊರಗುಳಿಯಿತು. ಕೊಂಡಿ ತೆರೆದವರಿಗೆ ಮೇಲ್ಗಡೆ ಕಂಡ ವಿಳಾಸ: ಅಂಚೆಯಣ್ಣನ-ಸೈಕಲ್-ಮತ್ತು-ಮಲ.

ನಾನು ಅದನ್ನು ಅಂಚೆ ಇಲಾಖೆಯ ಪಿಂಚಣಿದಾರರ ಗುಂಪಿಗೆ ಹಂಚಿಯಾಗಿತ್ತು.

‘ನುಡಿ’ ತಂತ್ರಾಂಶದಲ್ಲಿದ್ದ ನನ್ನ ಹಳೇ ಕಡತಗಳ ವಿಷಯ ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ಇಪ್ಪತ್ತು ವರ್ಷದ ಹಿಂದೆ ಸಾಗರದ ಡಿಟಿಪಿ ಅಂಗಡಿಯಲ್ಲಿ ಟೈಪು ಮಾಡಿಸಿದ್ದವು, ಯೂನಿಕೋಡಿಗಿಂತ ಹಿಂದಿನ ಅಕ್ಷರವಿನ್ಯಾಸದವು. ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಿಕೊಳ್ಳಬೇಕು ಎಂಬುದು ಕನ್ನಡ ಬರೆಯುವ ಯಾರಿಗೂ ಗೊತ್ತಿರುವ ಮಾತು, ನನಗೂ ಗೊತ್ತಿತ್ತು. ಆವತ್ತು ಮರೆತೆ. ಇಂಗ್ಲಿಷ್ ಅಕ್ಷರಗಳ ನೆತ್ತಿಗೆ ಕೋಡು, ಬುಡಕ್ಕೆ ಬಾಲ ಅಂಟಿಸಿದಂಥ ಎಂಟು ಪುಟಗಳನ್ನು ನೀವು ಹುಬ್ಬು ಕೂಡ ಹಾರಿಸದೆ ಪ್ರಕಟಿಸಿದಿರಿ. ಕವಿತೆ ಮೆಚ್ಚಿದ ಆ ಸಹೋದ್ಯೋಗಿ ಈ ಸಲ ಫೋನ್ ಮಾಡಲಿಲ್ಲ.

ಇನ್ನೊಂದು ಕಥೆ ರಾಮಕೋಟಿಯದು, ಅದರಲ್ಲಿ ತಪ್ಪು ನನ್ನದೇ. ಪ್ರಕಟವಾದದ್ದರ ಒಂದು ಪ್ರತಿ ಭದ್ರವಾಗಿರಲಿ ಎಂದು ಸೋದರಳಿಯ ಇನ್ನೊಂದು ಬಾಣ ಎಳೆದುಕೊಟ್ಟ: ಬ್ಲಾಗಿನಲ್ಲಿ ಹೊಸದು ಬಂದರೆ ಅದರ ನಕಲನ್ನು ಕ್ಲೌಡಿನಲ್ಲಿ ಇಡು. “ಯಾವ ಫೋಲ್ಡರ್ ಅಂತ ನೀವೇ ಆರಿಸಿಕೊಳ್ಳಿ ಮಾವ” ಎಂದ. ನನಗೆ ಗೊತ್ತಿದ್ದ ಫೋಲ್ಡರು ನೀವೊಬ್ಬರೇ. ನಿಮ್ಮನ್ನೇ ಆರಿಸಿದೆ. ಒಂದು ಬರಹ ಹೋಯಿತು, ಪ್ರಕಟವಾಯಿತು, ಅದರ ನಕಲು ನಿಮ್ಮೊಳಗೆ ಬಂತು. ನಿಮಗೆ ಅದು ಹೊಸ ಕಡತ. ಅದನ್ನೂ ಕಳಿಸಿದಿರಿ, ಪ್ರಕಟವಾಯಿತು, ಅದರ ನಕಲು ಬಂತು. ಒಂದು ಸುತ್ತಿಗೆ ಹೆಚ್ಚುಕಡಿಮೆ ಅರ್ಧ ಗಂಟೆ, ಎರಡು ಕೆಲಸ. ನಮ್ಮ ಬಿಟ್ಟಿ ಖಾತೆಗೆ ತಿಂಗಳಿಗೆ 100 ಕೆಲಸದ ಮಿತಿ ಇತ್ತು. 25 ಗಂಟೆಯಲ್ಲಿ 50 ಸುತ್ತು. ಅಂಚೆಚೀಟಿಯ ಹಾಳೆ ತಿಂದ ಇಲಿಯ ಬಗ್ಗೆ ನಾನು ಬರೆದ ಲಘು ಹರಟೆ 50 ಸಲ ಪ್ರಕಟವಾಗಿ, ಚಂದಾ ಆಗಿದ್ದವರಿಗೆಲ್ಲ 50 ಮಿಂಚಂಚೆ ಹೋಯಿತು. “ಏನು ಸಾರ್, ರಾಮಕೋಟಿ ಬರೆಯೋದಕ್ಕೆ ಕೂತಿದ್ದೀರಾ?” ಎಂದು ಒಬ್ಬರು ಕೇಳಿದರು. ದುಡ್ಡು ಕಟ್ಟಿದ ಖಾತೆಯಾಗಿದ್ದರೆ ಆ ಇಲಿ ಇನ್ನೂ ಓಡುತ್ತಿತ್ತೇನೋ. ಬಡತನ ಕಾಪಾಡಿತು.

ಇನ್ನು ಮುಯ್ಯಿ ಪಟ್ಟಿ. ಆ ಎರಡನೆಯ ಬಾಣ ಕಿತ್ತು, ಹೊಸ ತಿಂಗಳು ಹುಟ್ಟಿದ ಮೇಲಿನ ಮಾತು.

ನಿಮ್ಮ ಕಡೆ ಮುಯ್ಯಿ ಉಂಟೋ ಇಲ್ಲವೋ ತಿಳಿಯದು. ನಮ್ಮಲ್ಲಿ ಮದುವೆಯ ಚಪ್ಪರದ ಮೂಲೆಯಲ್ಲಿ ಒಬ್ಬರು ಪುಸ್ತಕ, ಪೆನ್ನು, ತಟ್ಟೆ ಇಟ್ಟುಕೊಂಡು ಕೂತಿರುತ್ತಾರೆ. ಯಾರು ಏನು ಕೊಟ್ಟರು ಎಂದು ಬರೆದುಕೊಳ್ಳುತ್ತಾರೆ. ಅದು ಸಾಲವಲ್ಲ, ದಾನವೂ ಅಲ್ಲ. ಅವರ ಮನೆಯಲ್ಲಿ ಕಾರ್ಯವಾದಾಗ ಅಷ್ಟಕ್ಕೆ ಕಡಿಮೆಯಾಗದಂತೆ ಹಿಂದಿರುಗಿಸಬೇಕಾದ ಒಂದು ನೆನಪು. ನಮ್ಮ ಮಗಳ ಮದುವೆಯ ಮುಯ್ಯಿ ಪುಸ್ತಕಕ್ಕೆ ಗೆದ್ದಲು ಹಿಡಿಯತೊಡಗಿತ್ತು. ನನ್ನ ಹೆಂಡತಿ ಮಾತಾಡಿದರೆ ಬರೆದುಕೊಳ್ಳುವ ಫೋನಿನ ವಿದ್ಯೆಯನ್ನು ಮಗಳಿಂದ ಕಲಿತಿದ್ದಳು. ಎರಡು ಮಧ್ಯಾಹ್ನ ಕೂತು, ಪುಸ್ತಕ ನೋಡಿಕೊಂಡು, ಪಟ್ಟಿ ಪೂರಾ ಹೇಳಿ ಬರೆಸಿದಳು. ಹೆಸರು, ಊರು, ಕೊಟ್ಟದ್ದು. ಜೊತೆಗೆ ಪುಸ್ತಕದಲ್ಲಿ ಇಲ್ಲದ, ಅವಳ ತಲೆಯಲ್ಲಿ ಮಾತ್ರ ಇದ್ದ ನಾಲ್ಕನೆಯ ಕಲಂ: ಷರಾ.

ಮರುದಿನ ಬೆಳಿಗ್ಗೆ ಉಳಿಸಿದಾಗ ಅವಳ ಫೋನು ಕಡತವನ್ನು ಎಲ್ಲಿಟ್ಟಿತು ಗೊತ್ತೆ? ಕೊನೆಯ ಸಲ ತೆರೆದಿದ್ದ ಫೋಲ್ಡರಿನಲ್ಲಿ. ಕೊನೆಯ ಸಲ ತೆರೆದವನು ನಾನು, ಇಲಿಯ ನಕಲುಗಳನ್ನು ಎಣಿಸುವುದಕ್ಕೆ.

ಬೆಳಿಗ್ಗೆ 11.15ಕ್ಕೆ ‘ಮುಯ್ಯಿ ಪಟ್ಟಿ’ ಎಂಬ ಶೀರ್ಷಿಕೆಯಲ್ಲಿ, ನನ್ನ ಹೆಸರು ಹೊತ್ತು, ಅದು ಪ್ರಕಟವಾಯಿತು. ಗೋಡೆ ಗಡಿಯಾರ 7. ಸ್ಟೀಲ್ ಬಿಂದಿಗೆ 4. ಒಂದು ಗಡಿಯಾರದ ಮುಂದೆ ಷರಾ: “ಇದು ನಮ್ಮದೇ. ಅವರ ಗೃಹಪ್ರವೇಶಕ್ಕೆ ನಾವು ಕೊಟ್ಟದ್ದು.” ಒಂದು ಸೀರೆಯ ಮುಂದೆ: “ಉಡುವ ಹಾಗಿಲ್ಲ, ಕೊಡುವ ಹಾಗಿದೆ.” ನನ್ನ ಕಚೇರಿಯವರೊಬ್ಬರ ಮುಂದೆ: “ಐದು ಜನ ಬಂದು ಉಂಡರು, 51.” ತನ್ನ ಸ್ವಂತ ಅಣ್ಣನ ಹೆಸರಿನ ಮುಂದೆ: “501. ನಾವು ಅವರ ಮಗನಿಗೆ ಕೊಟ್ಟದ್ದು 1001 ಮತ್ತು ಸೀರೆ. ಕೇಳಬಾರದು.”

ಮುಳುಗಿದ ಊರುಗಳ ಕಾಗದಗಳ ಬಗ್ಗೆ ನಾನು ಕಣ್ಣೀರು ಹಾಕಿ ಬರೆದ ಲೇಖನವನ್ನು ಓದಿದವರು ಹನ್ನೊಂದು ಮಂದಿ. ಮುಯ್ಯಿ ಪಟ್ಟಿಯನ್ನು ಮಧ್ಯಾಹ್ನದ ಊಟದೊಳಗೆ ಮೂರು ತಾಲ್ಲೂಕು ಓದಿತ್ತು. ದೇಶದಲ್ಲಿಲ್ಲದವರೂ ಓದಿದರು. ಅಮೆರಿಕದಲ್ಲಿರುವ ಸಂಬಂಧಿಕರ ಮಗಳೊಬ್ಬಳು ಇದು ನನ್ನ ಅತ್ಯುತ್ತಮ ಬರಹವೆಂದೂ, ಷರಾದ ಶೈಲಿಯನ್ನು ಮುಂದುವರಿಸಬೇಕೆಂದೂ ಬರೆದಳು. 11.40ಕ್ಕೆ ಭಾವನವರ ಫೋನು. ನಾನು ಗೋಡೆ ಹಿಡಿದು ನಿಂತು ಎತ್ತಿದೆ. ಬೈಯಲಿಲ್ಲ. ನಿಧಾನವಾಗಿ ಒಂದು ತಿದ್ದುಪಡಿ ಕೇಳಿದರು: “501 ಅಲ್ಲ, 551.”

ಅದಾದ ಮೇಲೆ ಅವರು ನಮ್ಮಲ್ಲಿಗೆ ಬಂದಿಲ್ಲ.

ಕೂಡಲೇ ಕಡತವನ್ನು ನಿಮ್ಮೊಳಗಿನಿಂದ ಕಿತ್ತು ಹಾಕಿದೆ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಬ್ಲಾಗಿನಲ್ಲಿ ಪಟ್ಟಿ ಬೆಟ್ಟದ ಹಾಗೆ ನಿಂತಿತ್ತು. ಒಯ್ದು ಕೊಡುವುದಷ್ಟೇ ನಿಮ್ಮ ಬಾಣದ ದಿಕ್ಕು, ವಾಪಸು ತರುವುದು ಒಪ್ಪಂದದಲ್ಲಿರಲಿಲ್ಲ. ಫೋಲ್ಡರೇ ತಾಣವಾಗಿರುವ ಬ್ಲಾಟ್‌ನಂಥ ವ್ಯವಸ್ಥೆಗಳಲ್ಲಿ ಕಡತ ತೆಗೆದರೆ ಪುಟವೂ ಹೋಗುತ್ತದೆ. ನಮ್ಮದು ನಕಲು ಒಯ್ಯುವ ಜಾತಿ. ಮೂಲ ಸತ್ತರೂ ನಕಲು ಬದುಕುತ್ತದೆ. ಬ್ಲಾಗಿನ ಒಳಗೆ ಹೋಗಿ ಅಳಿಸುವ ಗುಂಡಿ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಪಟ್ಟಿಯ ಫೋಟೋ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಕೂತಿತ್ತು.

ನಮ್ಮ ಕಡೆ ಒಂದು ನಿಯಮವಿತ್ತು ಎಂದು ನಿಮಗೆ ಹೇಳಬೇಕು. ಡಬ್ಬಕ್ಕೆ ಬಿದ್ದ ಕಾಗದವನ್ನೂ ಕಳಿಸಿದವನು ಹಿಂದಕ್ಕೆ ಕೇಳಬಹುದಿತ್ತು. ಅರ್ಜಿ ಕೊಡಬೇಕು, ಶುಲ್ಕ ಕಟ್ಟಬೇಕು, ಕಾಗದ ತನ್ನದೇ ಎಂದು ತೋರಿಸಿಕೊಡಬೇಕು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹುಡುಗ ಓಡಿ ಬಂದ, ಮೈಯೆಲ್ಲ ಕೆಸರು. ನೋಡಿ ಬಂದ ಹೆಣ್ಣನ್ನು ಒಲ್ಲೆ ಎಂದು ಹಿಂದಿನ ರಾತ್ರಿ ಸಿಟ್ಟಿನಲ್ಲಿ ಬರೆದು ಡಬ್ಬಕ್ಕೆ ಹಾಕಿದ್ದನಂತೆ. ಬೆಳಿಗ್ಗೆ ಸಿಟ್ಟು ಇಳಿದಿತ್ತು. ಬ್ಯಾಗು ಕಟ್ಟಿ ಅರಗಿನ ಮುದ್ರೆ ಒತ್ತುವುದರಲ್ಲಿದ್ದೆವು. ನಮ್ಮ ಆಗಿನ ಪೋಸ್ಟ್‌ಮಾಸ್ಟರು ಅರ್ಜಿ ಬರೆಸಿದರು, ಕೈಬರಹ ತಾಳೆ ನೋಡುವುದಕ್ಕೆ ವಿಳಾಸವನ್ನು ಇನ್ನೊಮ್ಮೆ ಬರೆಸಿದರು, ಆಮೇಲೆ ಬ್ಯಾಗನ್ನು ನೆಲಕ್ಕೆ ಸುರಿದರು. ಮೂವರೂ ಮಂಡಿಯೂರಿ ಹುಡುಕಿದೆವು. ಬಸ್ಸು ಹೊರಗೆ ಹಾರನ್ನು ಹೊಡೆಯುತ್ತಿತ್ತು. ಸಿಕ್ಕಿತು. ಆ ಹುಡುಗ ಅದೇ ಹೆಣ್ಣನ್ನು ಮದುವೆಯಾದ. ನಮ್ಮ ಮಗಳ ಮದುವೆಗೆ ಗಂಡ ಹೆಂಡಿರಿಬ್ಬರೂ ಬಂದಿದ್ದರು. ಮುಯ್ಯಿ ಪಟ್ಟಿಯ 43ನೇ ಸಾಲು, ಸ್ಟೀಲ್ ಬಿಂದಿಗೆ. ಷರಾ ಇಲ್ಲ.

ನಮ್ಮ ಇಲಾಖೆ ನೆನಪಾದ ಇನ್ನೊಂದು ಸಲ: ಮಳೆಗಾಲದ ನಡುವೆ ನಾನು ಪಾಸ್‌ವರ್ಡ್ ಬದಲಿಸಿದ್ದಕ್ಕೆ ಮಧ್ಯವರ್ತಿಗೆ ಕೊಟ್ಟ ಅನುಮತಿ ಕಡಿದು, ಮೂರು ವಾರ ನನ್ನ ಮೂರು ಲೇಖನಗಳು ನಿಮ್ಮೊಳಗೆ ಕೊಳೆತವು. ಎಚ್ಚರಿಕೆಯ ಮಿಂಚಂಚೆ ಸೋದರಳಿಯನ ಹಳೇ ವಿಳಾಸಕ್ಕೆ ಹೋಗುತ್ತಿತ್ತು. ದಾರಿ ತಪ್ಪಿದ ಸಂದೇಶಗಳನ್ನು ಕೂಡಿಹಾಕುವ ಜಾಗಕ್ಕೆ ಕಂಪ್ಯೂಟರಿನವರು ‘ಡೆಡ್ ಲೆಟರ್ ಕ್ಯೂ’ ಎನ್ನುತ್ತಾರೆಂದು ಆಗ ತಿಳಿಯಿತು. ಹೆಸರನ್ನು ನಮ್ಮ ಡೆಡ್ ಲೆಟರ್ ಆಫೀಸಿನಿಂದ ಎತ್ತಿಕೊಂಡಿದ್ದಾರೆ. ಅಲ್ಲಿದ್ದ ಗುಮಾಸ್ತರಿಗೆ ಕಾಗದ ಒಡೆದು ಓದಿ, ಒಳಗೆ ಎಲ್ಲಾದರೂ ವಿಳಾಸದ ಸುಳಿವಿದೆಯೇ ಎಂದು ಹುಡುಕುವ ಅಧಿಕಾರವಿತ್ತು. ಆ ಗುಮಾಸ್ತರನ್ನು ಎತ್ತಿಕೊಳ್ಳಲು ಮರೆತಂತಿದೆ.

ಮುಯ್ಯಿಗೇ ಮರಳೋಣ: ಆ ರಾದ್ಧಾಂತವಾದ ರಾತ್ರಿ ಸೋದರಳಿಯನಿಗೆ ಫೋನ್ ಮಾಡಿದೆ.

“ಮಾವ, ಅದರಲ್ಲೇನಿದೆ. ಕೊನೆಗೆ ಒಂದು ಪಟ್ಟಿ ಇಳಿದಿತ್ತಲ್ಲ, ಅದರಲ್ಲಿ ‘ಪಬ್ಲಿಶ್’ ಬದಲು ‘ಡ್ರಾಫ್ಟ್’ ಅಂತ ಆರಿಸಿಬಿಡಿ. ಬ್ಲಾಗಿಗೆ ಹೋಗಿ ಕರಡಾಗಿ ಕೂತಿರುತ್ತೆ, ಯಾರಿಗೂ ಕಾಣೋದಿಲ್ಲ.”

“ಆಮೇಲೆ ಪ್ರಕಟ ಮಾಡೋರು ಯಾರು?”

“ನೀವೇ. ಒಳಗೆ ಹೋಗಿ, ಒಂದು ಸಲ ಓದಿ, ಗುಂಡಿ ಒತ್ತೋದು.”

“ನಾನೇ ಓದಿ ನಾನೇ ಒತ್ತೋದಾದರೆ ಈ ಫೋಲ್ಡರು, ಬಾಣ, ಮಧ್ಯವರ್ತಿ, ಇಷ್ಟೆಲ್ಲ ಯಾಕಪ್ಪ?”

ಆ ಕಡೆ ಸದ್ದಿಲ್ಲ. ನೆಟ್‌ವರ್ಕ್ ಹೋಗಿರಬಹುದು. ನಮ್ಮಲ್ಲಿ ಹೋಗುತ್ತಲೇ ಇರುತ್ತದೆ.

ಆವತ್ತು ನಿದ್ದೆ ಬಾರದೆ ಆ ‘ಆದರೆ’ಯನ್ನೇ ಅಗಿಯುತ್ತಾ ಮಲಗಿದ್ದೆ. ಕೋಡಿಂಗ್ ಇಲ್ಲ ಎಂದಿದ್ದ ಹುಡುಗ. ಇತ್ತು ಸ್ವಾಮಿ. ಒಂದೇ ಸಾಲು, ಅಚ್ಚ ಕನ್ನಡದಲ್ಲಿ: ಫೋಲ್ಡರಿಗೆ ಬಿದ್ದದ್ದಾದರೆ ಪ್ರಕಟಿಸು. ಹೋಳಿಗೆ ತಿನ್ನುತ್ತಾ ಅದಕ್ಕೆ ಒಪ್ಪಿಗೆಯ ಒತ್ತು ಕೊಟ್ಟವನು ನಾನೇ. ಕನ್ನಡದಲ್ಲಿ ‘ಆದರೆ’ ಎರಡಿವೆ. ಮಳೆಯಾದರೆ ಬೆಳೆ, ಇದು ಒಂದು. ಇದನ್ನು ನೀವು ಬಲ್ಲಿರಿ; ಇದರ ಮೇಲೇ ನಿಮ್ಮ ಕುಲದ ಸಂಸಾರ ನಡೆದಿದೆ. ಇನ್ನೊಂದು, ಮಳೆಯೇನೋ ಆಯಿತು, ಆದರೆ. ಇದು ನಿಮಗೆ ಗೊತ್ತಿಲ್ಲ. ನನ್ನ ಲೇಖನ ಹಿಂದಿರುಗಿಸುತ್ತಿದ್ದ ಸಂಪಾದಕರ ಅಚ್ಚು ಹಾಕಿಸಿದ ಚೀಟಿಯಲ್ಲಿ ಇದ್ದದ್ದು ಈ ಎರಡನೆಯದು: ‘ಬರಹ ಚೆನ್ನಾಗಿದೆ, ಆದರೆ’. ನನ್ನ ಹೆಂಡತಿ ನನ್ನ ಪ್ರತಿ ಬರಹವನ್ನೂ ಕೇಳಿ ಮುಗಿಸಿ, ಸೊಪ್ಪು ಬಿಡಿಸುವ ಕೈ ನಿಲ್ಲಿಸದೆ ಹೇಳುವುದೂ ಅದನ್ನೇ. ನಾನು ಎಷ್ಟು ಶಪಿಸಿದ್ದೇನೆ ಆ ಒಂದು ಮಾತನ್ನು! ಅದರ ಕಾಟ ತಪ್ಪಲಿ ಎಂದೇ ನಿಮ್ಮ ಬಳಿಗೆ ಬಂದವನು ನಾನು.

ನಿಮ್ಮನ್ನು ಕೆಲಸದಿಂದ ತೆಗೆದಿಲ್ಲ. ‘ಡ್ರಾಫ್ಟ್’ ಎಂದೂ ಬದಲಿಸಿಲ್ಲ. ನಿಜ ಹೇಳಬೇಕೆಂದರೆ ಆ 15 ನಿಮಿಷ ನನಗಿಷ್ಟ. ಡಬ್ಬಕ್ಕೆ ಕಾಗದ ಹಾಕಿ, ಒಳಗೆ ಅದು ಬಿದ್ದ ಸಪ್ಪಳ ಕೇಳಿ, ಚೀಲ ಬೀಸಿಕೊಂಡು ಹೋಗುವವರ ಮುಖದ ಹಗುರ ನಾನು 35 ವರ್ಷ ಕೌಂಟರಿನ ಕಿಟಕಿಯಿಂದ ಕಂಡದ್ದು. ಆ ಸುಖ ನನಗೆ ನಿಮ್ಮಿಂದ ಸಿಕ್ಕಿದೆ, ಅದನ್ನು ಅಲ್ಲಗಳೆಯಲಾರೆ.

ನಿಮ್ಮ ಪಕ್ಕದಲ್ಲಿ ಇನ್ನೊಂದು ಫೋಲ್ಡರ್ ಮಾಡಿದ್ದೇನೆ. ಹೆಸರು ‘ಜಗಲಿ’. ಅದಕ್ಕೆ ಯಾವ ಬಾಣವೂ ಇಲ್ಲ. ಬಂದವರು ಮೊದಲು ಅಲ್ಲಿ ಕೂರಬೇಕು, ನೀರು ಬೆಲ್ಲ ತೆಗೆದುಕೊಳ್ಳಬೇಕು. ನನ್ನ ಹೆಂಡತಿಯ ಫೋನೂ ಈಗ ಅಲ್ಲಿಗೇ ಉಳಿಸುತ್ತದೆ. ಪ್ರತಿ ಬರಹ ಜಗಲಿಯಲ್ಲಿ ಮೂರು ದಿನ. ಮೂರನೆಯ ಸಂಜೆ ಅವಳು ಕೇಳುತ್ತಾಳೆ. ಶೀರ್ಷಿಕೆಯನ್ನು ಬೆರಳಲ್ಲಿ ಎಣಿಸಿ, 22 ದಾಟಿದರೆ ಕಡಿಮೆ ಮಾಡುತ್ತೇನೆ. ಈ ಪತ್ರವೂ ಸೋಮವಾರದಿಂದ ಅಲ್ಲೇ ಕೂತಿತ್ತು. ಇವತ್ತು ಓದಿದೆ.

“ಚೆನ್ನಾಗಿದೆ” ಎಂದಳು. “ಆದರೆ.”

ಎರಡು ಕಡೆ ತಿದ್ದಿದ್ದೇನೆ. ಈಗ 4.50. ನಿಮ್ಮ ಮುಂದಿನ ತೆರವು 5ಕ್ಕೆ.

ಇಂತಿ ನಿಮ್ಮ,
ನಿವೃತ್ತ ಸಬ್ ಪೋಸ್ಟ್‌ಮಾಸ್ಟರ್

ವಿ.ಸೂ.: ಕಡತದ ಹೆಸರು ‘ಬಹಿರಂಗ ಪತ್ರ ಅಂತಿಮ 3’. ‘ಅಂತಿಮ 2’ ಎಂಬುದು ಜಗಲಿಯಲ್ಲೇ ಇದೆ. ಅದರಲ್ಲಿ ಭಾವನವರ ಬಗ್ಗೆ ಇನ್ನೊಂದು ಪ್ಯಾರಾ ಇತ್ತು, ಹೆಂಡತಿ ಹೊಡೆದು ಹಾಕಿದ್ದಾಳೆ. 551 ಎಂಬುದನ್ನು ಮಾತ್ರ ಇರಲಿ ಎಂದಳು.